ಎಡಿಟರ್‌ನ ಕೆಲಸವನ್ನು ಏಜೆಂಟ್‌ಗೆ ಒಪ್ಪಿಸುವಾಗ: ಕೀಲಿಗೊಂಚಲು ಬೇಡ, ಒಂದೊಂದೇ ಕೀಲಿ ಕೊಡಿ

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದವರಿಗೆ ಅಲ್ಲಿನ ಕಲ್ಮನೆಗಳು ಗೊತ್ತು. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹೊದಿಸಿ, ಕೆಲವಕ್ಕೆ ಒಂದು ಬದಿಯಲ್ಲಿ ದುಂಡು ಕಿಂಡಿ ಕೊರೆದ ಬೃಹತ್ ಶಿಲಾಯುಗದ ಸಮಾಧಿಗಳು ಅವು. ಊರವರ ಬಾಯಲ್ಲಿ ಅದು ಮೊರೇರ ಗುಡ್ಡ. ಚಿಕ್ಕವು, ದೊಡ್ಡವು, ಬಿದ್ದವು ಎಲ್ಲ ಸೇರಿ ಸುಮಾರು 400 ಇವೆ. 2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಗಂಗಾವತಿಯಲ್ಲಿ ಸಂಜೆ ಹೊತ್ತು ನಾನು ಕೆಲವು ವಿದ್ಯಾರ್ಥಿಗಳಿಗೆ ಗೇಮ್ ತಯಾರಿಕೆ ಹೇಳಿಕೊಡುತ್ತೇನೆ. ಆ ಗುಡ್ಡವನ್ನೇ ಒಂದು ಚಿಕ್ಕ ಆಟವಾಗಿ ಕಟ್ಟಬೇಕೆಂದು ಅವರು ಹಟ ಹಿಡಿದರು. ಆಟ ಕಟ್ಟುವ ತಂತ್ರಾಂಶವಾದ ಗೊಡೊ ಎಂಜಿನ್‌ನಲ್ಲಿ ಗುಡ್ಡದ ಮೈ ಸಿದ್ಧವಾಯಿತು, ಕಲ್ಮನೆಯ ಆರು ಮಾದರಿಗಳೂ ಸಿದ್ಧವಾದವು. ಆಮೇಲೆ ಅವನ್ನು ಗುಡ್ಡದ ಮೇಲೆ ಇಡುವ ಕೆಲಸ. ಒಂದನ್ನು ಎಳೆದು ತರಬೇಕು, ನೆಲಕ್ಕೆ ಕೂರಿಸಬೇಕು, ಸ್ವಲ್ಪ ತಿರುಗಿಸಬೇಕು, ಹೆಸರು ಕೊಡಬೇಕು. ಕಾರಟಗಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಮೂರು ಸಂಜೆ ಕೂತು 60 ಇಟ್ಟಳು. ನಾಲ್ಕನೆಯ ಸಂಜೆ, "ಸರ್, ಇನ್ನು 340 ಇವೆ. ಪರೀಕ್ಷೆ ಬಂದುಬಿಡುತ್ತದೆ" ಎಂದಳು.

ಈ ಲೇಖನ ಆ 340ರಿಂದ ಹುಟ್ಟಿದ್ದು. ಎಐ ಏಜೆಂಟ್‌ನಿಂದ (ಹೇಳಿದ ಕೆಲಸವನ್ನು ಭಾಷಾ ಮಾದರಿಯ ನೆರವಿನಿಂದ ಹೆಜ್ಜೆ ಹೆಜ್ಜೆಯಾಗಿ ಮಾಡುವ ಕಾರ್ಯಕ್ರಮ) ಗೇಮ್ ಎಂಜಿನ್‌ನ ಎಡಿಟರ್‌ಗೆ, ಅಂದರೆ ಸೀನ್ ಕಟ್ಟುವ ಕಿಟಕಿಗೆ, ಆಜ್ಞೆ ಕೊಡಿಸುವುದು ಹೇಗೆ, ಯಾವ ಕ್ರಮದಲ್ಲಿ ಕಟ್ಟಬೇಕು, ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ನಾವು ಮಾಡಿದ ದಾರಿಯಲ್ಲೇ ಹೇಳುತ್ತೇನೆ. ಗೊಡೊದಲ್ಲಿ ಚಿಕ್ಕದೊಂದು ಸೀನ್ ಕಟ್ಟಿ, ನಾಲ್ಕು ಸಾಲು ಸ್ಕ್ರಿಪ್ಟ್ ಬರೆದು ಗೊತ್ತಿದ್ದವರಿಗೆ ಇದು ಸಾಕು.

ಮೊದಲು ನಡೆಯುವುದೇನು ಎಂದು ತಿಳಿದುಕೊಳ್ಳಿ

ಏಜೆಂಟ್‌ನ ಬೆನ್ನಿಗಿರುವ ಭಾಷಾ ಮಾದರಿ ನಿಮ್ಮ ಎಡಿಟರ್ ಅನ್ನು ಮುಟ್ಟುವುದಿಲ್ಲ. ಅದು ಸಾಮಾನ್ಯವಾಗಿ ಎಲ್ಲೋ ದೂರದ ಸರ್ವರ್‌ನಲ್ಲಿ ಕೂತು "ಇಂಥ ಹೆಸರಿನ ಆಜ್ಞೆಯನ್ನು ಇಂಥ ಅಂಕಿಗಳೊಂದಿಗೆ ನಡೆಸಿ" ಎಂದು ಬರೆದು ಕಳಿಸುತ್ತದೆ, ಅಷ್ಟೇ. ನಡೆಸುವುದು ನಿಮ್ಮ ಯಂತ್ರದಲ್ಲಿರುವ ಕಾರ್ಯಕ್ರಮ. ಫಲಿತಾಂಶವನ್ನು ಅಕ್ಷರಗಳಲ್ಲಿ ಹಿಂದಕ್ಕೆ ಕಳಿಸಿದ ಮೇಲೆ ಮಾದರಿ ಅದನ್ನು ಓದಿ ಮುಂದಿನ ಹೆಜ್ಜೆ ಬರೆಯುತ್ತದೆ. ಈ ಕೊಡುಕೊಳ್ಳುವಿಕೆಗೆ ಈಗ ಹೆಚ್ಚಿನವರು ಬಳಸುವ ಒಪ್ಪಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್. ಎಂಸಿಪಿ ಎಂದೇ ಕರೆಯುತ್ತಾರೆ. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಇದನ್ನು ಹೊರತಂದಿತು. ಒಳಗಿರುವುದು ಜೇಸನ್ (ಹೆಸರು, ಮೌಲ್ಯಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ರೀತಿ) ರೂಪದ ಸಂದೇಶಗಳು: "ನಿನ್ನಲ್ಲಿ ಯಾವ ಆಜ್ಞೆಗಳಿವೆ?" ಎಂಬ ಪ್ರಶ್ನೆ ಒಂದು, "ಈ ಆಜ್ಞೆ ನಡೆಸು" ಎಂಬ ಕೋರಿಕೆ ಇನ್ನೊಂದು.

ಹಾಗಾಗಿ ನೀವು ಕಟ್ಟಬೇಕಾದದ್ದು ಎರಡೇ ತುಂಡು. ಎಡಿಟರ್ ಒಳಗೆ ಕೂತು ನಿಜವಾಗಿ ಕೆಲಸ ಮಾಡುವ ಪ್ಲಗಿನ್ ಒಂದು. ಏಜೆಂಟ್‌ಗೂ ಪ್ಲಗಿನ್‌ಗೂ ನಡುವೆ ಸೇತುವೆಯಾಗುವ ಪೈಥಾನ್ ಕಾರ್ಯಕ್ರಮ ಒಂದು. ಸಿದ್ಧ ಸೇತುವೆಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಗೊಡೊಕ್ಕೂ ಯೂನಿಟಿಗೂ ಬ್ಲೆಂಡರ್‌ಗೂ ಇವೆ. ಆದರೂ ಮೊದಲ ಬಾರಿಗೆ ಸ್ವಂತದ್ದನ್ನೇ ಬರೆಯಿರಿ ಎಂದು ಒತ್ತಿ ಹೇಳುತ್ತೇನೆ. ಎಷ್ಟೋ ಸಿದ್ಧ ಸೇತುವೆಗಳು ಏಜೆಂಟ್‌ಗೆ ಎಡಿಟರ್‌ನ ಪೂರ್ತಿ ಕೀಲಿಗೊಂಚಲನ್ನು ಕೊಟ್ಟುಬಿಡುತ್ತವೆ. ನಿಮಗೆ ಬೇಕಾಗಿರುವುದು ನಾಲ್ಕೈದು ಕೀಲಿ.

ಹಂತ 1: ಒಂದು ದಿನ ಕಾಗದ, ಪೆನ್ನು

ಕೋಡ್ ಬರೆಯುವುದಕ್ಕೆ ಮುಂಚೆ ಒಂದು ಸಂಜೆ ಪೂರ್ತಿ ಎಡಿಟರ್‌ನಲ್ಲಿ ನಿಮ್ಮ ಕೈ ಏನೇನು ಮಾಡುತ್ತದೆ ಎಂದು ಬರೆದಿಡಿ. ನಮ್ಮ ವಿದ್ಯಾರ್ಥಿನಿ ನೋಟ್‌ಬುಕ್‌ನಲ್ಲಿ ಗೀಟು ಎಳೆದು ಎಣಿಸಿದಳು. ಕಲ್ಮನೆ ಇಟ್ಟದ್ದು 22 ಸಲ, ನೆಲಕ್ಕೆ ಕೂರಿಸಿದ್ದು 31 ಸಲ, ಹೆಸರು ಬದಲಿಸಿದ್ದು 22 ಸಲ, ಬೆಳಕು ತಿದ್ದಿದ್ದು 4 ಸಲ, ಗುಡ್ಡದ ಮೇಲಿರುವ, ನಗಾರಿಯಂತೆ ಸದ್ದು ಮಾಡುವ ದೊಡ್ಡ ಬಂಡೆಯ ಜಾಗ ಬದಲಿಸಿದ್ದು 9 ಸಲ.

ಇದರಲ್ಲಿ ಮೊದಲ ಮೂರು ಆಜ್ಞೆಗಳಾಗಬೇಕು. ಅವಕ್ಕೆ ಹೇಳಬಹುದಾದ ನಿಯಮವಿದೆ. ಬೆಳಕು ಮತ್ತು ನಗಾರಿ ಬಂಡೆ ಹಾಗಲ್ಲ. ಒಂಬತ್ತು ಸಲ ಜಾಗ ಬದಲಿಸಿದ್ದು ನಿಯಮ ತಪ್ಪಿದ್ದರಿಂದ ಅಲ್ಲ, ಕಣ್ಣಿಗೆ ಒಪ್ಪಲಿಲ್ಲ ಎಂದು. ಅಂಥ ಕೆಲಸವನ್ನು ಕೈಯಲ್ಲೇ ಇಟ್ಟುಕೊಳ್ಳಿ.

ನಾವು ಮೊದಲಿಗೆ ಆರಿಸಿದ ಆಜ್ಞೆಗಳು ಇವು: "ಸೀನ್ ತೋರಿಸು", "ಕಲ್ಮನೆ ಇಡು", "ನೆಲಕ್ಕೆ ಕೂರಿಸು", "ಹೆಸರು ಸರಿಪಡಿಸು", "ಅಂತರ ಪರೀಕ್ಷಿಸು". ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಆಜ್ಞೆಯ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳಲ್ಲೇ ಇಡಿ, ಏಕೆಂದರೆ ಎಷ್ಟೋ ಏಜೆಂಟ್‌ಗಳು ಬೇರೆ ಲಿಪಿಯ ಹೆಸರನ್ನು ಒಪ್ಪುವುದಿಲ್ಲ. ವಿವರಣೆಯನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಬಹುದು.

"ಅಳಿಸು" ಈ ಪಟ್ಟಿಯಲ್ಲಿಲ್ಲ. "ಸೀನ್ ಉಳಿಸು" ಕೂಡ ಇಲ್ಲ. ಉಳಿಸುವುದು ಮನುಷ್ಯನ ಬೆರಳಿನ ಕೆಲಸ: ನೋಡಿ, ಒಪ್ಪಿ, ಆಮೇಲೆ ಕಂಟ್ರೋಲ್ ಎಸ್ ಒತ್ತುವುದು.

ಹಂತ 2: ಹಿಂದಿರುಗುವ ದಾರಿ

ಯೋಜನೆಯನ್ನು ಗಿಟ್‌ಗೆ, ಅಂದರೆ ಕಡತಗಳ ಹಳೆಯ ಸ್ಥಿತಿಗಳನ್ನು ಕಾದಿಡುವ ತಂತ್ರಾಂಶಕ್ಕೆ, ಸೇರಿಸಿ. ಗೊಡೊದ ಸೀನ್ ಕಡತ ಸಾದಾ ಅಕ್ಷರಗಳಲ್ಲೇ ಇರುವುದರಿಂದ ಯಾವ ಸಾಲು ಬದಲಾಗಿದೆ ಎಂದು ಕಣ್ಣಾರೆ ಓದಬಹುದು. ಇದು ದೊಡ್ಡ ಅನುಕೂಲ. ಎಂಜಿನ್ ತಾನೇ ಹುಟ್ಟಿಸಿಕೊಳ್ಳುವ, ಚುಕ್ಕಿಯಿಂದ ಶುರುವಾಗುವ ಗೊಡೊ ಫೋಲ್ಡರನ್ನು ಮಾತ್ರ ಹೊರಗಿಡಿ. ಏಜೆಂಟ್ ಜೊತೆ ಕೂರುವ ಪ್ರತಿ ಸಲ ಮೊದಲು ಒಂದು ಕಮಿಟ್ ಮಾಡಿ, ಅಂದರೆ ಆಗಿನ ಸ್ಥಿತಿಯನ್ನು ಗಿಟ್‌ನಲ್ಲಿ ದಾಖಲಿಸಿ. ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಅರ್ಧ ನಡೆದ ಕೆಲಸದ ನಡುವೆ ಪರದೆ ಕಪ್ಪಾದಾಗ ಕೈ ಹಿಡಿಯುವುದು ಆ ಕಮಿಟ್ ಒಂದೇ.

ಹಂತ 3: ಎಡಿಟರ್ ಒಳಗಿನ ಪ್ಲಗಿನ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಎಡಿಟರ್‌ಪ್ಲಗಿನ್ ವರ್ಗದಿಂದ ಒಂದು ಪ್ಲಗಿನ್ ಬರೆಯಿರಿ, ಸ್ಕ್ರಿಪ್ಟ್‌ನ ತಲೆಗೆ ಟೂಲ್ ಎಂಬ ಗುರುತು ಹಾಕಿ. ಅದರೊಳಗೆ ಟಿಸಿಪಿ ಸರ್ವರ್ (ಬೇರೆ ಕಾರ್ಯಕ್ರಮಗಳಿಂದ ಸಂದೇಶ ಪಡೆಯುವ ಭಾಗ) ತೆರೆದು ಒಂದು ಪೋರ್ಟ್‌ನಲ್ಲಿ, ಅಂದರೆ ಸಂಖ್ಯೆಯಿರುವ ಬಾಗಿಲಲ್ಲಿ, ಕಿವಿಗೊಟ್ಟು ಕೂರಿಸಿ. ಪೋರ್ಟ್ ಆರಿಸುವಾಗ 6005, 6006, 6007 ಬೇಡ. ಗೊಡೊ ತನ್ನ ಭಾಷಾ ಸರ್ವರ್ ಮತ್ತು ಡೀಬಗ್ ಕೆಲಸಗಳಿಗೆ ಅವನ್ನೇ ಬಳಸುತ್ತದೆ. ವಿಳಾಸ 127.0.0.1, ಅಂದರೆ ನಿಮ್ಮದೇ ಕಂಪ್ಯೂಟರ್, ಮಾತ್ರ ಆಗಿರಲಿ. ಹಾಗೆ ಮಾಡಿದರೆ ಅದೇ ವೈಫೈಯಲ್ಲಿರುವ ಬೇರೆ ಕಂಪ್ಯೂಟರ್ ನಿಮ್ಮ ಎಡಿಟರ್ ಬಾಗಿಲು ತಟ್ಟಲಾಗದು.

ಬಂದ ಸಂದೇಶವನ್ನು ಪ್ರತಿ ಫ್ರೇಮ್‌ಗೆ ಒಮ್ಮೆ ನೋಡಿ ಅಲ್ಲೇ ನಡೆಸಿ. ಬೇರೆ ಥ್ರೆಡ್ (ಜೊತೆಜೊತೆಗೆ ಓಡುವ ಕೆಲಸದ ಇನ್ನೊಂದು ಎಳೆ) ತೆರೆದು ಅಲ್ಲಿಂದ ನೋಡ್‌ಗಳನ್ನು ಸೇರಿಸಲು ಹೋಗಬೇಡಿ, ಎಡಿಟರ್ ಯಾವಾಗಲೋ ಒಮ್ಮೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ.

ಸಂದೇಶ ಒಂದೇ ಸಲಕ್ಕೆ ಪೂರ್ತಿ ಬರುತ್ತದೆ ಎಂಬ ನಂಬಿಕೆಯೂ ಬೇಡ. ಟಿಸಿಪಿಯಲ್ಲಿ ಅರ್ಧ ಈಗ, ಅರ್ಧ ಆಮೇಲೆ ಬರಬಹುದು. ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಇಟ್ಟು, ಆ ಗುರುತು ಸಿಗುವವರೆಗೆ ಬೈಟ್‌ಗಳನ್ನು ಕೂಡಿಡಿ, ಆಮೇಲಷ್ಟೇ ಅಕ್ಷರಗಳಾಗಿ ಪರಿವರ್ತಿಸಿ. ನಮಗೆ ಕನ್ನಡದವರಿಗೆ ಇದು ಹೆಚ್ಚು ಮುಖ್ಯ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. "ಕಲ್ಮನೆ" ಎಂಬ ಪದದಲ್ಲಿ ಕ, ಲ, ವಿರಾಮ, ಮ, ನ, ಎತ್ವ ಹೀಗೆ ಆರು ಸಂಕೇತಗಳು, ಅಂದರೆ 18 ಬೈಟ್. ಹತ್ತನೆಯ ಬೈಟ್‌ನಲ್ಲಿ ತುಂಡಾದರೆ ಮ ಅಕ್ಷರದ ಹೊಟ್ಟೆಯೇ ಸೀಳುತ್ತದೆ. ಇಂಗ್ಲಿಷ್‌ನಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣುವುದಿಲ್ಲ.

ಈಗ "ಕಲ್ಮನೆ ಇಡು" ಆಜ್ಞೆ. ಅದು ಕಲ್ಮನೆಯ ಮಾದರಿ ಇರುವ ಸೀನ್‌ನಿಂದ ಒಂದು ಪ್ರತಿ ತೆಗೆದು, ಗುಡ್ಡದ ಏರಿಳಿತ ದಾಖಲಾಗಿರುವ ಚಿತ್ರದಿಂದ (ಹೈಟ್‌ಮ್ಯಾಪ್) ಆ ಜಾಗದ ನೆಲಮಟ್ಟ ಓದಿ, "ಕಲ್ಮನೆಗಳು" ಎಂಬ ನೋಡ್‌ನ ಕೆಳಗೆ ಸೇರಿಸುತ್ತದೆ. ನಾವು ಬರೆದು ನಡೆಸಿದೆವು. ಪರದೆಯ ಮೇಲೆ ಕಲ್ಲುಗಳು ಕಂಡವು, ಎಲ್ಲರೂ ಚಪ್ಪಾಳೆ ತಟ್ಟಿದರು. ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ಗುಡ್ಡ ಬೋಳು. ಕಾರಣ, ಮಕ್ಕಳಾಗಿ ಸೇರಿಸಿದ ನೋಡ್‌ಗೆ ಓನರ್ ಯಾರು ಎಂದು ಹೇಳಿರಲಿಲ್ಲ. ಗೊಡೊ ಸೀನ್ ಉಳಿಸುವಾಗ ಓನರ್ ಆಗಿ ಸೀನ್‌ನ ಬೇರು ನೋಡ್ ಇರುವವನ್ನು ಮಾತ್ರ ಕಡತಕ್ಕೆ ಬರೆಯುತ್ತದೆ. ಉಳಿದವು ಪರದೆಯ ಮೇಲೆ ಕಾಣುತ್ತವೆ, ಎಡಬದಿಯ ಸೀನ್ ಪಟ್ಟಿಯಲ್ಲಿ ಕಾಣುವುದಿಲ್ಲ. ಪರದೆಯಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲ ಎಂದರೆ ರೋಗ ಇದೇ ಎಂದು ತಿಳಿಯಿರಿ. ಮೊದಲು ಮಗುವಾಗಿ ಸೇರಿಸಿ, ಆಮೇಲೆ ಓನರ್ ಕೊಡಿ. ಈ ಕ್ರಮ ತಿರುಗಿಸಬಾರದು.

ಎರಡನೆಯದು ಅನ್‌ಡು, ಅಂದರೆ ಮಾಡಿದ್ದನ್ನು ಹಿಂತೆಗೆಯುವುದು. ಪ್ಲಗಿನ್‌ಗೆ ಎಡಿಟರ್‌ನ ಅನ್‌ಡು-ರೀಡು ವ್ಯವಸ್ಥಾಪಕ ಸಿಗುತ್ತದೆ. ಒಂದು ಆಜ್ಞೆ ಎಷ್ಟೇ ಕಲ್ಲು ಇಟ್ಟರೂ ಅದೆಲ್ಲ ಒಂದೇ ಅನ್‌ಡು ಕ್ರಿಯೆಯಾಗಿ ಸೇರಬೇಕು: ಶುರುವಿನಲ್ಲಿ ಕ್ರಿಯೆ ತೆರೆಯಿರಿ, ಪ್ರತಿ ಕಲ್ಲಿಗೂ ಮಾಡುವ ವಿಧಾನ ಮತ್ತು ಹಿಂತೆಗೆಯುವ ವಿಧಾನ ಎರಡನ್ನೂ ದಾಖಲಿಸಿ, ಕೊನೆಗೆ ಒಮ್ಮೆ ಒಪ್ಪಿಸಿ. ಕ್ರಿಯೆಯ ಹೆಸರಿಗೆ "ಏಜೆಂಟ್: 40 ಕಲ್ಮನೆ" ಎಂದು ಬರೆಯುವುದನ್ನು ರೂಢಿ ಮಾಡಿಕೊಂಡೆವು. ಹಿಸ್ಟರಿ ಪಟ್ಟಿಯಲ್ಲಿ ಯಾವುದು ನಾವು ಮಾಡಿದ್ದು, ಯಾವುದು ಏಜೆಂಟ್ ಮಾಡಿಸಿದ್ದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಷ್ಟವಾಗದಿದ್ದರೆ ಒಂದು ಕಂಟ್ರೋಲ್ ಝಡ್, 40 ಕಲ್ಲೂ ಹೋದವು. ಈ ಒಂದು ಅನುಕೂಲ ಇಲ್ಲದೆ ಏಜೆಂಟ್ ಅನ್ನು ಎಡಿಟರ್ ಹತ್ತಿರ ಬಿಡಲೇಬೇಡಿ.

ಮೂರನೆಯದು, ಕಲ್ಲಿನ ಜಾಗ, ತಿರುವು ಆರಿಸುವ ಯಾದೃಚ್ಛಿಕ ಸಂಖ್ಯೆಗಳಿಗೆ ಸೀಡ್ (ಶುರುವಿನ ಸಂಖ್ಯೆ) ಕೊಡಿ. ಅದೇ ಸೀಡ್ ಕೊಟ್ಟರೆ ಅದೇ ಜಾಗ, ಅದೇ ತಿರುವು. ಭತ್ತದ ಕಣಜದ ಊರಿನವರಿಗೆ ಬೀಜ ಒಂದೇ ಆದರೆ ಬೆಳೆ ಒಂದೇ ಎಂದು ಬಿಡಿಸಿ ಹೇಳಬೇಕಿಲ್ಲ. ಬಳಸಿದ ಸೀಡ್ ಯಾವುದೆಂದು ಉತ್ತರದಲ್ಲಿ ಹಿಂದಕ್ಕೆ ಕಳಿಸಿ.

ಹಂತ 4: ಸೇತುವೆ

ಎಂಸಿಪಿಯ ಪೈಥಾನ್ ಕಿಟ್‌ನಲ್ಲಿ ಒಂದು ಫಂಕ್ಷನ್ ಬರೆದು ಅದರ ತಲೆಗೆ ಗುರುತು ಹಾಕಿದರೆ ಅದೇ ಆಜ್ಞೆಯಾಗುತ್ತದೆ. ಪ್ಯಾರಾಮೀಟರ್‌ಗಳ ಬಗೆಯನ್ನು ಅದು ಫಂಕ್ಷನ್‌ನಿಂದಲೇ ಓದಿಕೊಳ್ಳುತ್ತದೆ, ವಿವರಣೆಯನ್ನು ಫಂಕ್ಷನ್ ಒಳಗಿನ ಟಿಪ್ಪಣಿಯಿಂದ. ಪ್ರತಿ ಫಂಕ್ಷನ್ ಮಾಡುವುದು ಇಷ್ಟೇ: ಬಂದದ್ದನ್ನು ಜೇಸನ್ ಮಾಡಿ ಪ್ಲಗಿನ್‌ನ ಪೋರ್ಟ್‌ಗೆ ಕಳಿಸು, ಉತ್ತರಕ್ಕೆ ಕಾಯು, ಹಿಂದಿರುಗಿಸು.

ಒಂದೇ ಒಂದು ಎಚ್ಚರಿಕೆ. ಸೇತುವೆ ಏಜೆಂಟ್ ಜೊತೆ ಮಾತಾಡುವುದು ಸ್ಟ್ಯಾಂಡರ್ಡ್ ಔಟ್‌ಪುಟ್ (ಕಾರ್ಯಕ್ರಮ ಅಕ್ಷರಗಳನ್ನು ಹೊರಹಾಕುವ ಸಾಮಾನ್ಯ ದಾರಿ) ಮೂಲಕವಾದರೆ, ಅಲ್ಲಿ ನೀವು ಅಭ್ಯಾಸಬಲದಿಂದ ಒಂದು ಪ್ರಿಂಟ್ ಸಾಲು ಬರೆದರೂ ಸಾಕು, ಆ ಅಕ್ಷರಗಳು ಸಂದೇಶಗಳ ನಡುವೆ ನುಸುಳಿ ಸಂಪರ್ಕ ಕಡಿದುಹೋಗುತ್ತದೆ. ನಮ್ಮ ಒಬ್ಬ ಹುಡುಗ ಇದಕ್ಕೆ ಎರಡು ರಾತ್ರಿ ಕಳೆದ. ತಪ್ಪು ಹುಡುಕಲು ಹೆಚ್ಚು ಹೆಚ್ಚು ಪ್ರಿಂಟ್ ಸೇರಿಸಿದಷ್ಟೂ ಸಂಪರ್ಕ ಇನ್ನಷ್ಟು ಬೇಗ ಕಡಿಯುತ್ತಿತ್ತು. ಲಾಗ್ (ನಡೆದುದರ ದಾಖಲೆ) ಬೇಕಿದ್ದರೆ ಸ್ಟ್ಯಾಂಡರ್ಡ್ ಎರರ್‌ಗೆ ಅಥವಾ ಕಡತಕ್ಕೆ ಬರೆಯಿರಿ.

ಹಂತ 5: ವಿವರಣೆ ಬರೆಯುವುದು, ಇದೇ ನಿಜವಾದ ಕೆಲಸ

ಕೋಡ್‌ಗಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ. ನಾಟಿಗೆ ಮೊದಲ ಸಲ ಬಂದ ಆಳಿಗೆ "ಹೋಗಿ ನಾಟಿ ಮಾಡು" ಎಂದು ಹೇಳಿ ಬದುವಿನ ಮೇಲೆ ಮಲಗುವ ರೈತ ಇಲ್ಲ. ಯಾವ ಗದ್ದೆ, ಸಾಲಿನಿಂದ ಸಾಲಿಗೆ ಎಷ್ಟು, ಒಂದು ಗುಣಿಗೆ ಎಷ್ಟು ಸಸಿ, ನೀರು ಎಷ್ಟಿರಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುತ್ತಾನೆ. ಮಾದರಿಗೆ ನಿಮ್ಮ ಗುಡ್ಡ ಗೊತ್ತಿಲ್ಲ. ನೀವು ಬರೆದ ನಾಲ್ಕು ಸಾಲೇ ಅದರ ಕಣ್ಣು.

ನಾವು ಮೊದಲು ಬರೆದ ವಿವರಣೆ: "ಗುಡ್ಡದ ಮೇಲೆ ಕಲ್ಮನೆಗಳನ್ನು ಇಡುತ್ತದೆ." ಅದರೊಂದಿಗೆ ವಿದ್ಯಾರ್ಥಿನಿ ಏಜೆಂಟ್‌ಗೆ ಹೇಳಿದಳು: "ಕೆರೆಯ ಉತ್ತರದ ಬಂಡೆಯ ಮೇಲೆ 40 ಕಲ್ಮನೆ ಇಡು. ಎರಡರ ನಡುವೆ ಮೂರು ಮೀಟರ್ ಆದರೂ ಇರಲಿ." ಅದು ಚುರುಕಾಗಿ ನಡೆಸಿತು. 40ಕ್ಕೆ 40 ಕಲ್ಲೂ ಕೆರೆಯ ದಕ್ಷಿಣಕ್ಕೆ, ಅದರಲ್ಲಿ ಏಳು ನೀರಿನೊಳಗೆ. ನಾವು ಸೀನ್ ಕಟ್ಟುವಾಗ ಝಡ್ ಅಕ್ಷದ ಋಣ ದಿಕ್ಕನ್ನು ಉತ್ತರ ಎಂದು ಇಟ್ಟುಕೊಂಡಿದ್ದೆವು. ಅದು ನಮ್ಮ ಒಳಗಿನ ಮಾತು, ಯಾರಿಗೂ ಹೇಳಿರಲಿಲ್ಲ. ಏಜೆಂಟ್ ಧನ ದಿಕ್ಕನ್ನು ಉತ್ತರ ಎಂದು ಊಹಿಸಿತ್ತು. "ಸರ್, ಇದು ದಡ್ಡ" ಎಂದಳು. "ನೋಡು ತಂಗಿ, ಹೊಸಬನಿಗೆ ನಾವು ದಿಕ್ಕೇ ತೋರಿಸಲಿಲ್ಲ" ಎಂದೆ. ಒಂದು ಕಂಟ್ರೋಲ್ ಝಡ್ ಒತ್ತಿ, ವಿವರಣೆಯನ್ನು ತಿದ್ದಿದೆವು.

ಈಗಿರುವ ವಿವರಣೆ ಹೀಗಿದೆ: "ಗುಡ್ಡದ ಒಂದು ಆಯತಾಕಾರದ ಭಾಗದಲ್ಲಿ ಕಲ್ಮನೆಗಳನ್ನು ಇಡುತ್ತದೆ. ಅಳತೆ ಮೀಟರ್‌ನಲ್ಲಿ. ಉತ್ತರ ಎಂದರೆ ಝಡ್ ಅಕ್ಷದ ಋಣ ದಿಕ್ಕು, ಪೂರ್ವ ಎಂದರೆ ಎಕ್ಸ್ ಅಕ್ಷದ ಧನ ದಿಕ್ಕು. ಒಂದು ಸಲಕ್ಕೆ ಗರಿಷ್ಠ 50. ನೀರಿನ ಮೇಲೆ ಮತ್ತು 25 ಡಿಗ್ರಿಗಿಂತ ಹೆಚ್ಚು ಇಳಿಜಾರಿನಲ್ಲಿ ಇಡುವುದಿಲ್ಲ. ಅಂಥ ಜಾಗಗಳನ್ನು ಬಿಟ್ಟು ಎಷ್ಟು ಇಟ್ಟಿತು ಎಂದು ತಿಳಿಸುತ್ತದೆ. ಈಗಾಗಲೇ ಇರುವ ಕಲ್ಮನೆಗಳನ್ನು ಮುಟ್ಟುವುದಿಲ್ಲ. ಮೊದಲು 'ತೋರಿಸು ಮಾತ್ರ' ಆಯ್ಕೆಯೊಂದಿಗೆ ನಡೆಸಿ, ಫಲಿತಾಂಶವನ್ನು ಬಳಕೆದಾರರಿಗೆ ತಿಳಿಸಿ."

ನೀರು, ಇಳಿಜಾರು, 50ರ ಮಿತಿ ಇವನ್ನು ವಿವರಣೆಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಪ್ಲಗಿನ್‌ನ ಕೋಡ್‌ನಲ್ಲೂ ತಡೆಯಿರಿ. ವಿವರಣೆ ಹೇಳಿಕೆ, ಕೋಡ್ ಬೇಲಿ. "ತೋರಿಸು ಮಾತ್ರ" ಆಯ್ಕೆ ನಮಗೆ ಬಹಳ ಉಪಕಾರ ಮಾಡಿತು. ಅದನ್ನು ಒತ್ತಿದಾಗ ಪ್ಲಗಿನ್ ಯಾವ ನೋಡನ್ನೂ ಸೇರಿಸುವುದಿಲ್ಲ, ಎಲ್ಲೆಲ್ಲಿ ಇಡಲಿದೆ ಎಂದು ಹಳದಿ ಚುಕ್ಕೆಗಳನ್ನು ಮಾತ್ರ ಗುಡ್ಡದ ಮೇಲೆ ಬಿಡಿಸುತ್ತದೆ.

ಹಂತ 6: ಉತ್ತರ ಚಿಕ್ಕದಾಗಿರಲಿ, ಸತ್ಯವಾಗಿರಲಿ

"ಸೀನ್ ತೋರಿಸು" ಎಂದಾಗ ಸಾವಿರ ನೋಡ್‌ಗಳ ಪೂರ್ತಿ ಪಟ್ಟಿ ಕಳಿಸಿದರೆ ಮಾದರಿಯ ಗಮನವೂ ಹಾಳು, ನಿಮ್ಮ ಹಣವೂ ಹಾಳು. ಕಳಿಸಿದ ಪ್ರತಿ ಪದಕ್ಕೂ ಲೆಕ್ಕವಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರಿಗೆ ಕಾಯುವ ಹೊತ್ತೂ ಸೇರುತ್ತದೆ. ಮೊದಲು ಎಣಿಕೆ ಕೊಡಿ: ಕಲ್ಮನೆಗಳು 100, ಮರಗಳು 37, ದೀಪಗಳು 3. ಇನ್ನಷ್ಟು ಬೇಕೆಂದು ಕೇಳಿದರೆ 50ರಂತೆ ಕಂತಿನಲ್ಲಿ ಕೊಡಿ.

ಸೋತಾಗ "ದೋಷ" ಎಂಬ ಒಂದೇ ಪದ ಕಳಿಸಬೇಡಿ. "40ರಲ್ಲಿ 33 ಇಡಲಾಯಿತು. 7 ಜಾಗ ನೀರಿನ ಮೇಲಿದ್ದವು. ಆಯತವನ್ನು ಉತ್ತರಕ್ಕೆ 12 ಮೀಟರ್ ಸರಿಸಿದರೆ ಜಾಗವಿದೆ" ಎಂದು ಕಳಿಸಿದರೆ ಏಜೆಂಟ್ ಮುಂದಿನ ಹೆಜ್ಜೆಯನ್ನು ಸರಿಯಾಗಿ ಇಡುತ್ತದೆ. ಬರೀ "ದೋಷ" ಎಂದರೆ ಅದು ಅದೇ ಆಜ್ಞೆಯನ್ನು ಮತ್ತೆ ಮತ್ತೆ ಒತ್ತುತ್ತದೆ, ಇಲ್ಲವೇ ಬೇರೆ ಅಡ್ಡದಾರಿ ಹುಡುಕುತ್ತದೆ. ಅಡ್ಡದಾರಿಯ ಕಥೆ ಕೆಳಗೆ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ ಏಜೆಂಟ್ "ಎಲ್ಲ ಸರಿಯಾಗಿದೆ" ಎಂದು ಬರೆದರೆ ಅದನ್ನೇ ಪುರಾವೆ ಎಂದು ಒಪ್ಪಬೇಡಿ. "ಅಂತರ ಪರೀಕ್ಷಿಸು" ಆಜ್ಞೆ ಇರುವುದು ಅದಕ್ಕೇ. ಅದು ಸೀನ್‌ನಲ್ಲಿ ನಿಜವಾಗಿ ಇರುವ ಕಲ್ಲುಗಳನ್ನು ಅಳೆದು, ಮೂರು ಮೀಟರ್‌ಗಿಂತ ಹತ್ತಿರವಿರುವ ಜೋಡಿಗಳ ಹೆಸರನ್ನು ಕೊಡುತ್ತದೆ.

ಹಂತ 7: ಅನುಮತಿ

ಏಜೆಂಟ್ ಕಾರ್ಯಕ್ರಮಗಳು ಸಾಮಾನ್ಯವಾಗಿ ಪ್ರತಿ ಆಜ್ಞೆಗೂ ಅನುಮತಿ ಕೇಳುತ್ತವೆ. ಓದುವ ಆಜ್ಞೆಗಳಿಗೆ "ಯಾವಾಗಲೂ ಸರಿ" ಎಂದು ಕೊಡಿ, ಬರೆಯುವ ಆಜ್ಞೆಗಳಿಗೆ ಪ್ರತಿ ಸಲವೂ ಕೇಳಲಿ. ಎಂಸಿಪಿಯಲ್ಲಿ ಆಜ್ಞೆಗೆ "ಓದುವುದು ಮಾತ್ರ", "ಹಾನಿ ಆಗಬಹುದು" ಎಂಬ ಚೀಟಿ ಅಂಟಿಸಬಹುದು. ಅಂಟಿಸಿ, ಆದರೆ ಅದು ಸೂಚನೆ, ಬೀಗವಲ್ಲ. ಕಡತದ ಹಾದಿ ಪಡೆಯುವ ಆಜ್ಞೆ ಇದ್ದರೆ ಅದು ಯೋಜನೆಯ ಫೋಲ್ಡರ್ ಬಿಟ್ಟು ಹೊರಗೆ ಹೋಗದಂತೆ ಪ್ಲಗಿನ್‌ನಲ್ಲೇ ತಡೆಯಿರಿ. ಅಂತರ್ಜಾಲದಿಂದ ಇಳಿಸಿಕೊಂಡ 3ಡಿ ಮಾದರಿಗಳ ಜೊತೆ ಬರುವ ಟಿಪ್ಪಣಿ ಕಡತಗಳನ್ನು ಏಜೆಂಟ್ ಓದುವಾಗಲೂ ಜೋಪಾನ; ಆ ಬರಹದಲ್ಲಿ ಯಾರಾದರೂ ಆಜ್ಞೆಯಂಥ ಸಾಲು ಅಡಗಿಸಿಟ್ಟರೆ ಮಾದರಿ ಅದನ್ನೂ ನಿಮ್ಮ ಮಾತೆಂದೇ ನಂಬಬಹುದು.

ನಮಗಾದ ನಷ್ಟ

ಶುರುವಿನ ವಾರದಲ್ಲಿ ನಾನೇ ಒಂದು ಆರನೆಯ ಆಜ್ಞೆ ಸೇರಿಸಿದ್ದೆ: "ಯಾವುದೇ ಸ್ಕ್ರಿಪ್ಟ್ ನಡೆಸು". ತುರ್ತಿಗೆ ಬೇಕಾಗುತ್ತದೆ ಎಂಬ ನೆಪ. ಒಂದು ಸಂಜೆ ವಿದ್ಯಾರ್ಥಿಗಳು "ಒಂದರ ಮೇಲೊಂದು ಕೂತ ಕಲ್ಲುಗಳನ್ನು ಸರಿಪಡಿಸು" ಎಂದು ಕೇಳಿದರು. ಅದಕ್ಕೆ ತಕ್ಕ ಆಜ್ಞೆ ಇರಲಿಲ್ಲ. ಏಜೆಂಟ್ ಸ್ಕ್ರಿಪ್ಟ್ ಬರೆಯಿತು, ಅದು ತಪ್ಪಿತು. ಮತ್ತೆ ಬರೆಯಿತು, ಮತ್ತೆ ತಪ್ಪಿತು. ಮೂರನೆಯ ಸಲ ಅದು ಎಡಿಟರ್ ಅನ್ನು ಬದಿಗಿಟ್ಟು ಸೀನ್ ಕಡತವನ್ನೇ ತೆರೆದು ಸಾಲುಗಳನ್ನು ಅಳಿಸಿತು. ಎಡಿಟರ್‌ನಲ್ಲಿ ಸೀನ್ ತೆರೆದೇ ಇತ್ತು. ಹೊರಗೆ ಕಡತ ಬದಲಾಗಿದೆ, ಮತ್ತೆ ಓದಲೇ ಎಂದು ಗೊಡೊ ಕೇಳಿತು. ಯಾರೋ ಸರಿ ಎಂದು ಒತ್ತಿದರು. ಕಂಟ್ರೋಲ್ ಝಡ್ ಒತ್ತಿದರೆ ಏನೂ ಬರಲಿಲ್ಲ, ಏಕೆಂದರೆ ಆ ಬದಲಾವಣೆ ಎಡಿಟರ್‌ನ ಅನ್‌ಡು ಪಟ್ಟಿಯೊಳಗೆ ಬಂದೇ ಇರಲಿಲ್ಲ.

ಹೋದದ್ದು ಒಂದರ ಮೇಲೊಂದು ಕೂತ ಕಲ್ಲುಗಳಷ್ಟೇ ಅಲ್ಲ. ಆ ಹುಡುಗಿ ಮೂರು ಸಂಜೆ ಕೂತು ಇಟ್ಟ 60ರಲ್ಲಿ 19 ಹೋದವು. ಗುಡ್ಡದಲ್ಲಿ ಕಲ್ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುವ ಕಡೆ ಅವಳು ಫೋಟೊ ನೋಡಿ ಹಾಗೆಯೇ ಒತ್ತಾಗಿ ಇಟ್ಟಿದ್ದಳು. ಏಜೆಂಟ್‌ನ ಅಳತೆಗೆ ಅದು ತಪ್ಪಾಗಿ ಕಂಡಿತು. ಕೊನೆಯ ಕಮಿಟ್ ಎರಡು ದಿನ ಹಳೆಯದು. ಅವಳು ಏನೂ ಹೇಳದೆ ಮತ್ತೆ ಇಡಲು ಕೂತದ್ದು ನನಗೆ ಇನ್ನೂ ನೆನಪಿದೆ.

ಅವತ್ತೇ ಆ ಆಜ್ಞೆಯನ್ನು ತೆಗೆದೆ. ಜೊತೆಗೆ ಏಜೆಂಟ್‌ಗೆ ಸೀನ್ ಕಡತಗಳನ್ನು ನೇರ ಬರೆಯುವ ಅನುಮತಿಯನ್ನೂ ಮುಚ್ಚಿದೆ. ಕೈಯಿಂದ ಇಟ್ಟ ಕಲ್ಲುಗಳನ್ನು "ಕೈಕೆಲಸ" ಎಂಬ ಗ್ರೂಪ್‌ಗೆ ಸೇರಿಸಿ, ಆ ಗ್ರೂಪ್‌ನ ನೋಡ್ ಮೇಲೆ ಯಾವ ಬರೆಯುವ ಆಜ್ಞೆಯೂ ನಡೆಯದಂತೆ ಪ್ಲಗಿನ್‌ನಲ್ಲಿ ತಡೆ ಹಾಕಿದೆವು. ಆಜ್ಞೆ ಇಲ್ಲದ ಕೆಲಸ ಬಂದಾಗ "ಇದಕ್ಕೆ ಸಾಧನವಿಲ್ಲ ಎಂದು ತಿಳಿಸಿ ನಿಲ್ಲು" ಎಂಬ ಸಾಲನ್ನು ಏಜೆಂಟ್‌ನ ಸೂಚನೆಗಳಿಗೆ ಸೇರಿಸಿದೆವು.

ಹಂತ 8: ಪರದೆಯಿಲ್ಲದ ಪರೀಕ್ಷೆ

ಎಡಿಟರ್ ತೆರೆಯದೆಯೂ ಗೊಡೊವನ್ನು ಹೆಡ್‌ಲೆಸ್ ಆಯ್ಕೆಯೊಂದಿಗೆ ಟರ್ಮಿನಲ್‌ನಿಂದ ನಡೆಸಬಹುದು. ಹಾಗೆ ನಡೆಸುವ ಸ್ಕ್ರಿಪ್ಟ್ ಸೀನ್‌ಟ್ರೀ ಅಥವಾ ಮೇನ್‌ಲೂಪ್ ವರ್ಗದಿಂದ ಬರಬೇಕು. ಪ್ರತಿ ಕಮಿಟ್‌ಗೆ ಮುಂಚೆ ಸೀನ್ ತೆರೆದುಕೊಳ್ಳುತ್ತದೆಯೇ, ಕಲ್ಮನೆಗಳ ಎಣಿಕೆ ಸರಿಯಿದೆಯೇ, ಕಾಣೆಯಾದ ಕಡತ ಇದೆಯೇ ಎಂದು ನೋಡುವ ಚಿಕ್ಕ ಸ್ಕ್ರಿಪ್ಟ್ ಇಟ್ಟುಕೊಳ್ಳಿ.

ಆಟದೊಳಗಿನ ಕನ್ನಡ ಫಲಕಗಳಿಗೂ ಅಲ್ಲೇ ಒಂದು ಪರೀಕ್ಷೆ ಸೇರಿಸಿ. ಗೊಡೊ 4ರ ಸುಧಾರಿತ ಪಠ್ಯ ವ್ಯವಸ್ಥೆ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಸಾಧನ ಬಳಸುವುದರಿಂದ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ತೊಂದರೆ ಫಾಂಟ್‌ನದು. ಯೋಜನೆಯಲ್ಲಿ ಕನ್ನಡ ಫಾಂಟ್ ಇಡದಿದ್ದರೂ ನಿಮ್ಮ ಕಂಪ್ಯೂಟರ್‌ನಲ್ಲಿ ಅಕ್ಷರ ಕಾಣುತ್ತದೆ, ಎಂಜಿನ್ ಅದನ್ನು ಕಂಪ್ಯೂಟರ್‌ನ ಫಾಂಟ್‌ಗಳಿಂದ ಎರವಲು ತರುತ್ತದೆ. ವೆಬ್‌ಗೆ ಹಾಕಿದ ದಿನ "ಹಿರೇಬೆಣಕಲ್" ಎಂಬ ಫಲಕದಲ್ಲಿ ಸಾಲು ಚೌಕಗಳು. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಯೋಜನೆಯೊಳಗೇ ಇಟ್ಟು, ಪ್ರತಿ ಲೇಬಲ್‌ನ ಅಕ್ಷರವೂ ಆ ಫಾಂಟ್‌ನಲ್ಲಿ ಇದೆಯೇ ಎಂದು ಕೇಳಿ ಪಟ್ಟಿ ಕೊಡುವ ಆಜ್ಞೆಯನ್ನು ಏಜೆಂಟ್‌ಗೆ ಕೊಡಿ. ಓದುವ ಆಜ್ಞೆ, ಹೆದರಬೇಕಿಲ್ಲ.

ಬೇರೆ ಎಂಜಿನ್ ಬಳಸುವವರಿಗೆ

ಯೂನಿಟಿಯಲ್ಲಿ ಮೆನು ಆಜ್ಞೆಗಳನ್ನು ಮೆನುಐಟಂ ಗುರುತಿನಿಂದ ಮಾಡಿಕೊಳ್ಳಬಹುದು, ಹಿಂತೆಗೆಯಲು ಅನ್‌ಡು ವರ್ಗವಿದೆ, ಪರದೆಯಿಲ್ಲದೆ ನಡೆಸಲು ಬ್ಯಾಚ್‌ಮೋಡ್ ಇದೆ. ಅಲ್ಲಿ ಸ್ಕ್ರಿಪ್ಟ್ ಬದಲಾದಾಗಲೆಲ್ಲ ಎಡಿಟರ್ ತನ್ನ ಕೋಡನ್ನು ಮತ್ತೆ ತುಂಬಿಕೊಳ್ಳುತ್ತದೆ, ಆಗ ನಿಮ್ಮ ಸರ್ವರ್ ಸಾಯುತ್ತದೆ. ತಾನಾಗಿ ಮತ್ತೆ ಏಳುವಂತೆ ಬರೆಯಿರಿ, ಸೇತುವೆಯೂ ನಾಲ್ಕು ಸಲ ಪ್ರಯತ್ನಿಸಲಿ. ಅನ್‌ರಿಯಲ್‌ನಲ್ಲಿ ಪೈಥಾನ್ ಪ್ಲಗಿನ್ ಸಕ್ರಿಯಗೊಳಿಸಿದರೆ ಎಡಿಟರ್ ಒಳಗೇ ಪೈಥಾನ್ ಓಡುತ್ತದೆ, ಅನ್‌ಡುಗೆ ಸ್ಕೋಪ್ಡ್ ಎಡಿಟರ್ ಟ್ರಾನ್ಸಾಕ್ಷನ್ ಬಳಸಿ.

ಕೊನೆಯದಾಗಿ ಲಾಗ್. ಪ್ಲಗಿನ್ ಪ್ರತಿ ಕರೆಯನ್ನೂ ಸಮಯ, ಆಜ್ಞೆ, ಅಂಕಿ, ಫಲಿತಾಂಶದೊಂದಿಗೆ ಒಂದು ಕಡತಕ್ಕೆ ಬರೆಯಲಿ. ನಾವು ಅದನ್ನು ಶನಿವಾರ ಎಲ್ಲರೂ ಕೂತು ಓದುತ್ತೇವೆ. ಎರಡು ವಾರ ಯಾರೂ ಕರೆಯದ ಆಜ್ಞೆಯನ್ನು ತೆಗೆಯುತ್ತೇವೆ, ಒಂದೇ ಆಜ್ಞೆ ಮೂರು ಸಲ ಒಟ್ಟಿಗೆ ಸೋತಿದ್ದರೆ ಅದರ ವಿವರಣೆಯನ್ನು ತಿದ್ದುತ್ತೇವೆ. ಒಂದು ಹಂತದಲ್ಲಿ ನಮ್ಮ ಆಜ್ಞೆಗಳು 11ಕ್ಕೆ ಏರಿದ್ದವು, ಈಗ 7 ಇವೆ. ಗುಡ್ಡದ ಮೇಲೆ 400 ಕಲ್ಮನೆಗಳೂ ಕೂತಿವೆ. ನಗಾರಿ ಬಂಡೆಯ ಜಾಗ ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಕಳೆದ ವಾರವೂ ಆ ಹುಡುಗಿ ಅದನ್ನು ಎರಡು ಸಲ ಸರಿಸಿದಳು.